ಛಪ್ರಾದ ಎರಡು ಆದೇಶಗಳು: ನ್ಯಾಯಾಧೀಶರ ತೀರ್ಮಾನದ ಮೇಲೆ ಹೈಕೋರ್ಟ್ ಆಡಳಿತದ ಕೈ ಎಲ್ಲಿಯವರೆಗೆ?

2002ರ ಜುಲೈ 11. ಬಿಹಾರದ ಛಪ್ರಾದಲ್ಲಿ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಾಗಿದ್ದ ಕೃಷ್ಣ ಪ್ರಸಾದ್ ವರ್ಮಾ ಅವರು ಒಂದು ಕೊಲೆ ಪ್ರಕರಣದ ಆರೋಪಿಗಳಿಗೆ ಜಾಮೀನು ಕೊಟ್ಟರು. ಅದೇ ಪ್ರಕರಣದಲ್ಲಿ 2001ರ ನವೆಂಬರ್ 28ರಂದು ಪಟ್ನಾ ಹೈಕೋರ್ಟ್ ಜಾಮೀನು ನಿರಾಕರಿಸಿತ್ತು. ಹೈಕೋರ್ಟಿನ ಆ ಆದೇಶ ಎಲ್ಲೋ ದೂರದಲ್ಲಿರಲಿಲ್ಲ. ಅವರ ಮೇಜಿನ ಮೇಲಿದ್ದ ಕಡತದಲ್ಲೇ ಇತ್ತು. ಅವರು ಅದನ್ನು ಗಮನಿಸಲಿಲ್ಲ. ವಿಷಯ ಗೊತ್ತಾದ ಮೇಲೆ, ಆಗಸ್ಟ್ 23ರಂದು, ಅವರೇ ಆ ಜಾಮೀನನ್ನು ರದ್ದು ಮಾಡಿದರು. ಕೊಟ್ಟಿದ್ದಕ್ಕೂ ರದ್ದಾಗಿದ್ದಕ್ಕೂ ನಡುವೆ ಒಂದೂವರೆ ತಿಂಗಳೂ ಆಗಿರಲಿಲ್ಲ.

ಕೋರ್ಟುಗಳಲ್ಲಿ ಇಂಥದ್ದು ಆಗುತ್ತದೆ. ಕಡತ ದಪ್ಪ ಇರುತ್ತದೆ, ಪಟ್ಟಿಯಲ್ಲಿ ಕೇಸುಗಳು ಜಾಸ್ತಿ ಇರುತ್ತವೆ, ಒಂದು ಹಾಳೆ ಕಣ್ಣು ತಪ್ಪುತ್ತದೆ. ತಪ್ಪು ಆದೇಶ ಬಂದರೆ ಅದನ್ನು ಸರಿಮಾಡಲು ದಾರಿಗಳೂ ಇವೆ. ಮೇಲ್ಮನವಿ ಇದೆ, ಮೇಲಿನ ಕೋರ್ಟು ಆದೇಶವನ್ನು ಮರುಪರಿಶೀಲಿಸುವ ರಿವಿಷನ್ ಇದೆ, ಜಾಮೀನು ರದ್ದತಿಯ ಅರ್ಜಿ ಇದೆ. ಇಲ್ಲಿ ಮೇಲಿನ ಕೋರ್ಟಿಗೆ ಹೋಗುವ ಅಗತ್ಯವೇ ಬರಲಿಲ್ಲ, ಕೊಟ್ಟವರೇ ವಾಪಸ್ ತೆಗೆದುಕೊಂಡರು.

ಆದರೂ ಪಟ್ನಾ ಹೈಕೋರ್ಟಿನ ಆಡಳಿತ ವಿಭಾಗ ಅವರ ಮೇಲೆ ಇಲಾಖಾ ವಿಚಾರಣೆ ಶುರು ಮಾಡಿತು. ಆರೋಪ ಪಟ್ಟಿಯ ಭಾಷೆ ಸಣ್ಣದಲ್ಲ. ಹೈಕೋರ್ಟ್ ಜಾಮೀನು ನಿರಾಕರಿಸಿದ್ದರೂ ನೀವು ಕೊಟ್ಟಿದ್ದೀರಿ, ಇದರ ಹಿಂದೆ ಬೇರೇನೋ ಕಾರಣ ಇದ್ದಂತೆ ಕಾಣುತ್ತದೆ, ಇದು ನ್ಯಾಯಾಂಗ ಅಶಿಸ್ತು, ಪ್ರಾಮಾಣಿಕತೆಯ ಕೊರತೆ, ಘೋರ ದುರ್ನಡತೆ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು.

ಜೊತೆಗೆ ಎರಡನೇ ಆರೋಪವೂ ಇತ್ತು. ಮಾದಕ ವಸ್ತು ಕಾಯ್ದೆಯಡಿಯ ಒಂದು ಪ್ರಕರಣ, 90 ಕಿಲೋ ಚರಸ್ ಸಿಕ್ಕಿತ್ತು ಎಂಬ ಕೇಸು. ಅದರಲ್ಲಿ ನೀವು ಮುಖ್ಯ ಆರೋಪಿಯನ್ನು ಬಿಡಿಸುವ ಉದ್ದೇಶದಿಂದಲೇ ಅವಸರವಾಗಿ ಸಾಕ್ಷ್ಯ ಮುಗಿಸಿದಿರಿ, ಅದರಿಂದ ಅವನು ಖುಲಾಸೆಯಾದ ಎಂಬುದು ಆರೋಪ.

90 ಕಿಲೋ ಎಂಬ ಅಂಕಿ ಓದಿದ ಕೂಡಲೇ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಇಷ್ಟು ದೊಡ್ಡ ಪ್ರಮಾಣದ ಚರಸ್ ಕೇಸಿನಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ 10 ವರ್ಷ ಜೈಲು. ಅಷ್ಟು ದೊಡ್ಡ ಕೇಸಿನ ಮುಖ್ಯ ಆರೋಪಿ ಹೊರಗೆ ನಡೆದುಹೋದ ಅಂದರೆ ಏನೋ ನಡೆದಿದೆ ಅಂತಲೇ ಊರು ಮಾತಾಡುತ್ತದೆ. ಈ ಪ್ರಕರಣದ ಕುತೂಹಲ ಇರುವುದು ಅಲ್ಲೇ. ಅನುಮಾನ ಬರುವಂಥ ಆದೇಶವೊಂದು ಕಣ್ಣೆದುರಿಗಿದೆ, ಆದರೆ ಅನುಮಾನಕ್ಕೆ ಆಧಾರವಾಗಿ ಆ ಆದೇಶ ಬಿಟ್ಟರೆ ಬೇರೇನೂ ಇಲ್ಲ. ಆಗ ಹೈಕೋರ್ಟ್ ಏನು ಮಾಡಬಹುದು, ಏನು ಮಾಡಬಾರದು?

ಒಂದೇ ಹೈಕೋರ್ಟ್, ಎರಡು ಕೈ

ಹೈಕೋರ್ಟ್ ಅಂದರೆ ನಮ್ಮ ಕಣ್ಣಿಗೆ ಬರುವುದು ಕೋರ್ಟ್ ಹಾಲ್, ವಕೀಲರು, ವಾದ, ತೀರ್ಪು. ಅದು ಒಂದು ಕೈ. ಕೋರ್ಟಿನಲ್ಲಿ ಓಡಾಡುವವರು ಇದನ್ನು ಜ್ಯುಡಿಷಿಯಲ್ ಸೈಡ್ ಅನ್ನುತ್ತಾರೆ. ಇನ್ನೊಂದು ಕೈ ಅಡ್ಮಿನಿಸ್ಟ್ರೇಟಿವ್ ಸೈಡ್. ರಾಜ್ಯದ ಎಲ್ಲ ಜಿಲ್ಲಾ, ತಾಲ್ಲೂಕು ಕೋರ್ಟುಗಳ ನ್ಯಾಯಾಧೀಶರ ವರ್ಗಾವಣೆ, ಬಡ್ತಿ, ರಜೆ, ಗೋಪ್ಯ ವರದಿ, ದೂರು, ಶಿಸ್ತುಕ್ರಮ ಎಲ್ಲವೂ ಈ ಕೈಯಲ್ಲಿ.

ಕರ್ನಾಟಕದಲ್ಲಿ ಪ್ರತಿ ಜಿಲ್ಲೆಗೂ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಯನ್ನು ಆಡಳಿತಾತ್ಮಕ ನ್ಯಾಯಮೂರ್ತಿ ಎಂದು ನೇಮಿಸುತ್ತಾರೆ. ಅವರು ಜಿಲ್ಲೆಗೆ ಬಂದರೆ ಕೋರ್ಟ್ ಆವರಣಕ್ಕೆ ಸುಣ್ಣಬಣ್ಣ ಬೀಳುತ್ತದೆ, ರಿಜಿಸ್ಟರುಗಳು ಸಾಲಾಗಿ ಮೇಜಿನ ಮೇಲೆ ಬರುತ್ತವೆ. ಇದೇ ಕೆಲಸಕ್ಕೆ ಬಿಹಾರದ ಕಡೆ ಇನ್‌ಸ್ಪೆಕ್ಟಿಂಗ್ ಜಡ್ಜ್, ತಮಿಳುನಾಡಿನಲ್ಲಿ ಪೋರ್ಟ್‌ಫೋಲಿಯೋ ಜಡ್ಜ್, ಮಹಾರಾಷ್ಟ್ರದಲ್ಲಿ ಗಾರ್ಡಿಯನ್ ಜಡ್ಜ್ ಎಂಬ ಹೆಸರುಗಳಿವೆ. ಇನ್‌ಸ್ಪೆಕ್ಟಿಂಗ್ ಅಂದರೆ ತಪಾಸಣೆಗೆ ಬರುವವರು. ಗಾರ್ಡಿಯನ್ ಅಂದರೆ ಕಾಯುವವರು. ಒಂದೇ ಕೆಲಸಕ್ಕೆ ಹೀಗೆ ಎದುರುಬದುರಾದ ಎರಡು ಹೆಸರು ಇರುವುದು ನನಗೆ ಯಾವಾಗಲೂ ತಮಾಷೆ ಅನ್ನಿಸಿದೆ.

ಈ ಅಧಿಕಾರದ ಬೇರು ಸಂವಿಧಾನದ 235ನೇ ವಿಧಿ. ಜಿಲ್ಲಾ ಕೋರ್ಟುಗಳ ಮತ್ತು ಅವುಗಳ ಕೆಳಗಿನ ಕೋರ್ಟುಗಳ ಮೇಲಿನ ನಿಯಂತ್ರಣ ಹೈಕೋರ್ಟಿನದು ಎಂದು ಅದು ಹೇಳುತ್ತದೆ. ಆ ನಿಯಂತ್ರಣದಲ್ಲಿ ಶಿಸ್ತುಕ್ರಮವೂ ಸೇರುತ್ತದೆಯೇ ಎಂಬ ಪ್ರಶ್ನೆ 1960ರ ದಶಕದಲ್ಲಿ ಪಶ್ಚಿಮ ಬಂಗಾಳದಿಂದ ಎದ್ದಿತು. ಅಲ್ಲಿನ ಸರ್ಕಾರ ಒಬ್ಬ ಜಿಲ್ಲಾ ನ್ಯಾಯಾಧೀಶರ ಮೇಲೆ ತಾನೇ ವಿಚಾರಣೆ ನಡೆಸಿತ್ತು. ನೃಪೇಂದ್ರನಾಥ್ ಬಾಗ್ಚಿ ಪ್ರಕರಣ ಎಂದು ಅದು ಪ್ರಸಿದ್ಧ. 1966ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನ್ಯಾಯಾಧೀಶರ ಮೇಲೆ ವಿಚಾರಣೆ ನಡೆಸುವುದು ಹೈಕೋರ್ಟಿನ ಕೆಲಸ, ಸರ್ಕಾರದ್ದಲ್ಲ.

ಯಾಕೆ ಹಾಗೆ? ಸರ್ಕಾರದ ಮೇಲೆ ತೀರ್ಪು ಕೊಡಬೇಕಾದ ನ್ಯಾಯಾಧೀಶರ ನೌಕರಿ ಸರ್ಕಾರದ ಕೈಯಲ್ಲಿದ್ದರೆ ಅವರು ಧೈರ್ಯವಾಗಿ ಕೆಲಸ ಮಾಡಲು ಆಗುವುದಿಲ್ಲ. ಅದಕ್ಕೇ ಆ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟರು. ಅಂದರೆ ಇದು ಮೂಲದಲ್ಲಿ ಕಾಪಾಡಲು ಕೊಟ್ಟ ಅಧಿಕಾರ. ಛಪ್ರಾದ ನ್ಯಾಯಾಧೀಶರಿಗೆ ಪೆಟ್ಟು ಬಿದ್ದಿದ್ದು ಅದೇ ಕೈಯಿಂದ.

ಮೊದಲ ಆರೋಪದ ಒಳಗೆ

ಜಾಮೀನಿನ ವಿಷಯಕ್ಕೆ ಮತ್ತೆ ಬರೋಣ. ಹೈಕೋರ್ಟ್ ಒಮ್ಮೆ ನಿರಾಕರಿಸಿದ ಮೇಲೆ ಸೆಷನ್ಸ್ ಕೋರ್ಟ್ ಜಾಮೀನು ಕೊಡಲೇಬಾರದು ಎಂಬ ಕಾನೂನು ಇಲ್ಲ. ಪರಿಸ್ಥಿತಿ ಬದಲಾಗಿದ್ದರೆ ಹೊಸ ಅರ್ಜಿ ಹಾಕಬಹುದು. ಆದರೆ ಕೊಡುವವರು ಹಿಂದಿನ ಆದೇಶವನ್ನು ನೋಡಬೇಕು, ಆಗಿನಿಂದ ಈಗಿನವರೆಗೆ ಏನು ಬದಲಾಗಿದೆ ಎಂದು ಬರೆಯಬೇಕು. ಇದು ಕೋರ್ಟುಗಳ ಶಿಸ್ತು.

ಇಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ನಿರಾಕರಿಸುವಾಗಲೇ ಹೈಕೋರ್ಟ್ ಒಂದು ಬಾಗಿಲು ತೆರೆದಿಟ್ಟಿತ್ತು. ಆರೋಪ ನಿಗದಿಯಾದ ಮೇಲೂ ಸರ್ಕಾರಿ ಅಲ್ಲದ ಸಾಕ್ಷಿಗಳ ವಿಚಾರಣೆ ಆಗದಿದ್ದರೆ ಮತ್ತೆ ಜಾಮೀನು ಕೇಳಬಹುದು, ಆದರೆ ಮೊದಲು ಕೆಳಗಿನ ಕೋರ್ಟಿಗೇ ಹೋಗಬೇಕು ಎಂದಿತ್ತು. ಕೆಳಗಿನ ಕೋರ್ಟು ಅಂದರೆ ವರ್ಮಾ ಅವರ ಕೋರ್ಟೇ! ಜಾಮೀನು ಅರ್ಜಿ ಬಂದಾಗ ಸರ್ಕಾರಿ ವಕೀಲರೂ ವಿರೋಧಿಸಲಿಲ್ಲ. ಹೈಕೋರ್ಟಿನ ಆದೇಶ ಹೀಗಿದೆ ಸ್ವಾಮಿ ಎಂದು ಎದ್ದು ಹೇಳುವುದು ಅವರ ಕೆಲಸ. ಅವರು ಸುಮ್ಮನಿದ್ದರು.

ಇಲಾಖಾ ವಿಚಾರಣೆ ನಡೆಸಿದ ಅಧಿಕಾರಿ ಇದನ್ನೆಲ್ಲ ನೋಡಿ, ಜಾಮೀನು ಆದೇಶದಲ್ಲಿ ಎಲ್ಲೆಲ್ಲಿ ತೂತು ಇದೆ ಎಂದು ಹುಡುಕಿದರು. ಅದು ಸರಿಯಿಲ್ಲ, ಇದನ್ನು ಪರಿಗಣಿಸಬೇಕಿತ್ತು ಅಂತ. ಕೊನೆಗೆ ಆರೋಪ ಸಾಬೀತು ಎಂದರು. ಒಂದು ಮಾತ್ರ ಅವರಿಗೆ ಸಿಗಲಿಲ್ಲ. ಜಾಮೀನಿನ ಹಿಂದೆ ದುಡ್ಡು ಇತ್ತು, ನಂಟು ಇತ್ತು, ಒತ್ತಡ ಇತ್ತು ಎಂದು ಹೇಳುವ ಯಾವ ಸಾಕ್ಷ್ಯವೂ ಸಿಗಲಿಲ್ಲ. ಆರೋಪ ಪಟ್ಟಿಯಲ್ಲಿ ‘ಬೇರೇನೋ ಕಾರಣ’ ಎಂದು ಬರೆದಿದ್ದರು. ವಿಚಾರಣೆ ಮುಗಿದಾಗಲೂ ಆ ಕಾರಣ ಏನೆಂದು ಯಾರೂ ಹೇಳಲಿಲ್ಲ.

ಮುಂದೆ ಈ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಅದರ ಗಮನ ಬಿದ್ದಿದ್ದು ಇಲ್ಲೇ. ವಿಚಾರಣಾಧಿಕಾರಿ ಮೇಲ್ಮನವಿ ಕೋರ್ಟಿನ ಹಾಗೆ ಕೂತು ಜಾಮೀನು ಆದೇಶದಲ್ಲಿ ಹುಳುಕು ಹುಡುಕಿದ್ದಾರೆ ಎಂದು ನ್ಯಾಯಪೀಠ ಹೇಳಿತು. ಕಡತವನ್ನು ಸರಿಯಾಗಿ ನೋಡದಿರುವುದು ಅಜಾಗರೂಕತೆ ಇರಬಹುದು, ಆದರೆ ಈ ಅಜಾಗರೂಕತೆಯನ್ನು ದುರ್ನಡತೆ ಎನ್ನಲಾಗದು ಎಂದಿತು.

ಇದು ಸುಮ್ನೆ ಪದಗಳ ವ್ಯತ್ಯಾಸ ಅಲ್ಲ. ಮೇಲ್ಮನವಿಯಲ್ಲಿ ಕೇಳುವ ಪ್ರಶ್ನೆ, ಆದೇಶ ಸರಿಯೋ ತಪ್ಪೋ ಎಂಬುದು. ಶಿಸ್ತು ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆ, ಆ ಮನುಷ್ಯ ನಡೆದುಕೊಂಡ ರೀತಿ ಸರಿಯೋ ತಪ್ಪೋ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡು ಅದನ್ನೇ ಎರಡನೆಯದಕ್ಕೂ ಅಂಟಿಸಿದರೆ ತಪ್ಪು ಆದೇಶ ಕೊಟ್ಟ ಪ್ರತಿಯೊಬ್ಬರೂ ಕೆಟ್ಟ ನಡತೆಯವರೇ ಆಗುತ್ತಾರೆ. ಹಾಗೆ ನೋಡಿದರೆ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ರದ್ದಾಗಿಸಿಕೊಂಡ ಹೈಕೋರ್ಟ್ ನ್ಯಾಯಮೂರ್ತಿಗಳ ಸಾಲು ಎಷ್ಟು ಉದ್ದ ಇರಬೇಡ!

18 ವಾಯಿದೆ

ಎರಡನೇ ಆರೋಪ ನನಗೆ ಮೊದಲನೆಯದಕ್ಕಿಂತ ಆಸಕ್ತಿ ಹುಟ್ಟಿಸಿದ್ದು. ಅವಸರವಾಗಿ ಮುಗಿಸಿದರು ಎನ್ನುತ್ತದೆ ಆರೋಪ. ದಾಖಲೆ ಬಿಚ್ಚಿದರೆ ಸಾಕ್ಷಿಗಳನ್ನು ಕರೆತರಲು 18 ಸಲ ಕೇಸು ಮುಂದೂಡಿದ್ದು ಕಾಣುತ್ತದೆ. 18 ವಾಯಿದೆ ಕೊಟ್ಟವರನ್ನು ಅವಸರದವರು ಅನ್ನುವುದು ಹೇಗೆ? ಕೊನೆಗೆ ಸರ್ಕಾರಿ ವಕೀಲರೇ ಆರ್ಡರ್ ಶೀಟಿನಲ್ಲಿ, ಅಂದರೆ ದಿನದಿನದ ಆದೇಶ ಬರೆಯುವ ಹಾಳೆಯಲ್ಲಿ, ಸರ್ಕಾರದ ಕಡೆಯ ಸಾಕ್ಷ್ಯ ಮುಗಿಯಿತು ಎಂಬರ್ಥದ ಟಿಪ್ಪಣಿ ಬರೆದಿದ್ದರು. ಆಮೇಲೆ ನ್ಯಾಯಾಧೀಶರು ಸಾಕ್ಷ್ಯದ ಹಂತ ಮುಗಿಸಿದರು. ಸಾಕ್ಷಿ ಇಲ್ಲದ ಕೇಸು ಖುಲಾಸೆಯಲ್ಲಿ ಮುಗಿಯಿತು.

ವಿಚಾರಣಾಧಿಕಾರಿಯ ಅಭಿಪ್ರಾಯ ಬೇರೆ ಇತ್ತು. ಸಾಕ್ಷಿಗಳು ಬರದಿದ್ದರೆ ನ್ಯಾಯಾಧೀಶರು ಮೇಲಿನ ಅಧಿಕಾರಿಗಳಿಗೆ ಬರೆದು ಅವರನ್ನು ಕರೆಸುವ ಪ್ರಯತ್ನ ಮಾಡಬೇಕಿತ್ತು ಎಂಬುದು ಅವರ ವಾದ. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಂ ಪ್ರಕಾರ ಕೋರ್ಟು ಬೇಕಾದ ಸಾಕ್ಷಿಯನ್ನು ತಾನೇ ಕರೆಸಬಹುದು. ಮಾದಕ ವಸ್ತು ಕೇಸಿನಲ್ಲಿ ಸಾಕ್ಷಿಗಳು ಬಹುಪಾಲು ಪೊಲೀಸರೇ. ಬರದ ಪೊಲೀಸರಿಗೆ ವಾರಂಟ್ ಹೊರಡಿಸಬಹುದು. ಚುರುಕಾದ ನ್ಯಾಯಾಧೀಶರು ಎಸ್‌ಪಿಗೆ ಒಂದು ಬಿಗಿಯಾದ ಪತ್ರ ಬರೆದು ಕೆಲಸ ಆಗುವ ಹಾಗೆ ಮಾಡುತ್ತಿದ್ದರೇನೋ. ವರ್ಮಾ ಅವರು ಅಷ್ಟು ಚುರುಕಿನವರಲ್ಲ ಅಂತಲೇ ಇಟ್ಟುಕೊಳ್ಳಿ. ಅದು ಕೆಲಸದಲ್ಲಿನ ಕೊರತೆ. ಆರೋಪಿಯನ್ನು ಬಿಡಿಸುವ ಉದ್ದೇಶ ಇತ್ತು ಎಂದು ಅದರಿಂದ ಸಾಬೀತಾಗುವುದಿಲ್ಲ.

ಮತ್ತೆ, ಇನ್ನೊಂದು ಕಡೆಯೂ ನೋಡಬೇಕು. ವಿಚಾರಣೆ ಬೇಗ ಮುಗಿಸಬೇಕೆಂಬ ಒತ್ತಡವೂ ಹೈಕೋರ್ಟಿನಿಂದಲೇ ಇತ್ತು. ಕೇಸನ್ನು ಮುಂದೂಡುತ್ತಲೇ ಹೋಗಿದ್ದರೆ ಯಾಕೆ ಮುಗಿಸಲಿಲ್ಲ ಎಂದು ಹೈಕೋರ್ಟ್ ಕ್ರಮ ಕೈಗೊಳ್ಳುತ್ತಿತ್ತು. ಮುಗಿಸಿದ್ದಕ್ಕೆ ಯಾಕೆ ಮುಗಿಸಿದಿರಿ ಎಂದು ಕ್ರಮ ಕೈಗೊಂಡಿತು. ಅತ್ತ ದರಿ, ಇತ್ತ ಪುಲಿ. ಸುಪ್ರೀಂ ಕೋರ್ಟೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತು. ಸರ್ಕಾರಿ ವಕೀಲರೇ ಸಾಕ್ಷ್ಯ ಮುಗಿಸುತ್ತೇವೆ ಎಂದ ಮೇಲೆ ನ್ಯಾಯಾಧೀಶರನ್ನು ದೂರುವುದು ಹೇಗೆ ಎಂದು ಕೇಳಿತು.

ವಿಚಾರಣಾ ನ್ಯಾಯಾಧೀಶರ ದಿನದ ಕಷ್ಟ ಇದೇ. ತಿಂಗಳಿಗೆ ಇಷ್ಟು ಕೇಸು ಮುಗಿಸಬೇಕು ಎಂಬ ಲೆಕ್ಕ ಇರುತ್ತದೆ. ಹಳೆಯ ಕೇಸುಗಳ ಪಟ್ಟಿ ಮೇಲಿಂದ ಬರುತ್ತಲೇ ಇರುತ್ತದೆ. ಸಾಕ್ಷಿ ತರುವುದು ಅವರ ಕೈಯಲ್ಲಿಲ್ಲ, ವಕೀಲರು ಬರುವುದು ಅವರ ಕೈಯಲ್ಲಿಲ್ಲ. ಕೇಸು ಮುಗಿಯದಿದ್ದರೆ ಮಾತ್ರ ಲೆಕ್ಕ ಕೊಡಬೇಕಾದವರು ಅವರು.

ಹಿಂದಿನ ತೀರ್ಪುಗಳು ಒಂದೇ ದನಿಯಲ್ಲಿರಲಿಲ್ಲ

ಛಪ್ರಾ ಪ್ರಕರಣ ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ ಈ ಪ್ರಶ್ನೆ ಹೊಸದೇನಲ್ಲ. 1988ರಲ್ಲೇ ಈಶ್ವರ ಚಂದ್ ಜೈನ್ ಪ್ರಕರಣದಲ್ಲಿ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ವಿರುದ್ಧ ಬಂದ ಅರ್ಜಿಯಲ್ಲಿ, ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತ್ತು. ನಿಯಂತ್ರಣದ ಅಧಿಕಾರ ಇರುವ ಹೈಕೋರ್ಟಿಗೆ ತನ್ನ ನ್ಯಾಯಾಧೀಶರಿಗೆ ದಾರಿ ತೋರಿಸುವ, ಅವರನ್ನು ಕಾಪಾಡುವ ಸಾಂವಿಧಾನಿಕ ಹೊಣೆಯೂ ಇದೆ. ಚಿಲ್ಲರೆ ವಿಷಯಕ್ಕೆ ದೂರು, ಸಹಿಯಿಲ್ಲದ ಅರ್ಜಿ, ಅದರ ಮೇಲೆ ವಿಚಾರಣೆ ಅಂತ ಶುರುವಾದರೆ ಯಾರೂ ಸ್ವತಂತ್ರವಾಗಿ ಕೆಲಸ ಮಾಡಲಾರರು ಎಂದಿತ್ತು.

ಕೋರ್ಟಿನ ಸುತ್ತ ಬದುಕುವವರಿಗೆ ಇದು ಚೆನ್ನಾಗಿ ಗೊತ್ತು. ಸೋತ ಕಕ್ಷಿದಾರನಿಗೆ ಅರ್ಜಿ ಬರೆಯುವುದು ಸುಲಭ. ಖಡಕ್ ಆಗಿ ಇರುವ ನ್ಯಾಯಾಧೀಶರ ಮೇಲೆ ಒಂದಿಬ್ಬರು ವಕೀಲರಿಗೂ ಸಿಟ್ಟಿರುತ್ತದೆ. ಮೇಲ್ಮನವಿಗೆ ಕೋರ್ಟ್ ಶುಲ್ಕ, ವಕೀಲರು, ವರ್ಷಗಳು ಬೇಕು. ಮೂಗರ್ಜಿಗೆ ಅಂಚೆ ಚೀಟಿ ಸಾಕು.

ಆದರೆ 1993ರಲ್ಲಿ ಧವನ್ ಪ್ರಕರಣ ಬಂತು. ಅದು ನ್ಯಾಯಾಧೀಶರದ್ದಲ್ಲ, ಆದಾಯ ತೆರಿಗೆ ಅಧಿಕಾರಿಯದು. ಅವಸರದಲ್ಲಿ ಕೆಲವು ತೆರಿಗೆ ನಿರ್ಧಾರಗಳನ್ನು ಮುಗಿಸಿ ಕೆಲವರಿಗೆ ಅನುಕೂಲ ಮಾಡಿದರು ಎಂಬ ಆರೋಪ. ನ್ಯಾಯದಾನದ ಅಧಿಕಾರ ಬಳಸುವವರ ಮೇಲೂ ಶಿಸ್ತುಕ್ರಮ ಸಾಧ್ಯ ಎಂದ ಸುಪ್ರೀಂ ಕೋರ್ಟ್ ಅದಕ್ಕೆ ಆರು ಸಂದರ್ಭಗಳನ್ನು ಹೆಸರಿಸಿತು. ಲಂಚ ಅದರಲ್ಲಿದೆ, ಒಬ್ಬರ ಪರ ವಹಿಸುವುದು ಇದೆ, ಅದರ ಜೊತೆಗೆ ಅಜಾಗರೂಕತೆಯೂ ಇದೆ. ತಲೆನೋವು ಶುರುವಾಗಿದ್ದು ಆ ಒಂದು ಪದದಿಂದ. ಅಜಾಗರೂಕತೆ ಅಂದರೆ ಎಷ್ಟು? ಕಾನೂನಿನ ಒಂದು ಕಲಂ ಮರೆತರೆ ಸಾಕೇ?

1999ರ ನಾಗರ್ಕರ್ ಪ್ರಕರಣದಲ್ಲಿ ಇದನ್ನು ಬಿಗಿ ಮಾಡುವ ಪ್ರಯತ್ನ ಆಯಿತು. ಕಾನೂನಿನ ಪ್ರತಿ ತಪ್ಪೂ ದುರ್ನಡತೆ ಆಗುವುದಾದರೆ ಸ್ವತಂತ್ರವಾಗಿ ಯಾರೂ ತೀರ್ಮಾನ ಮಾಡಲಾರರು ಎಂದಿತು ಆ ತೀರ್ಪು. 2001ರಲ್ಲಿ ಪಿ.ಸಿ. ಜೋಶಿ ಪ್ರಕರಣ, ಅದೇ ಸಂಗತಿಗಳಿಂದ ಬೇರೆ ತೀರ್ಮಾನಕ್ಕೆ ಬರಬಹುದಿತ್ತು ಎಂಬ ಒಂದೇ ಕಾರಣಕ್ಕೆ ನ್ಯಾಯಾಧೀಶರನ್ನು ದೋಷಿ ಮಾಡಬೇಡಿ ಎಂದಿತು. ಅಷ್ಟರಲ್ಲಿ 2006ರಲ್ಲಿ ದುಲಿ ಚಂದ್ ಪ್ರಕರಣ ಬಂದು, ನಾಗರ್ಕರ್ ಅಲ್ಲ, ದೊಡ್ಡ ಪೀಠದ್ದಾದ ಧವನ್ ತೀರ್ಪೇ ಅಂತಿಮ ಎಂದುಬಿಟ್ಟಿತು. 2007ರಲ್ಲಿ ರಮೇಶ್ ಚಂದರ್ ಸಿಂಗ್ ಪ್ರಕರಣ ಬಂತು. ಉತ್ತರ ಪ್ರದೇಶದ ನ್ಯಾಯಾಧೀಶರೊಬ್ಬರು ಕೊಲೆ ಕೇಸಿನಲ್ಲಿ ಜಾಮೀನು ಕೊಟ್ಟಿದ್ದಕ್ಕೆ ಹುದ್ದೆ ಇಳಿಸಿದ್ದರು. ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ತೆಗೆದುಹಾಕಿತು. ಛಪ್ರಾದ್ದಕ್ಕೆ ಎಷ್ಟು ಹತ್ತಿರದ ಪ್ರಕರಣ ನೋಡಿ.

ಅಂದರೆ ಹೈಕೋರ್ಟುಗಳ ಆಡಳಿತ ವಿಭಾಗದ ಕೈಯಲ್ಲಿ ಎರಡೂ ಬಗೆಯ ತೀರ್ಪು ಇದ್ದವು. ಕ್ರಮ ಬೇಕು ಅನ್ನುವವರಿಗೆ ಧವನ್, ಬೇಡ ಅನ್ನುವವರಿಗೆ ಜೈನ್ ಮತ್ತು ಜೋಶಿ.

2019ರ ತೀರ್ಪು

ಶಿಸ್ತುಕ್ರಮವನ್ನು ಪ್ರಶ್ನಿಸಿದ ವರ್ಮಾ ಅವರ ಅರ್ಜಿಯನ್ನು ಪಟ್ನಾ ಹೈಕೋರ್ಟ್ ಜ್ಯುಡಿಷಿಯಲ್ ಸೈಡಿನಲ್ಲೂ ತಳ್ಳಿಹಾಕಿತು. ಅವರ ಸಿವಿಲ್ ಅಪೀಲು 2011ರ ಸಂಖ್ಯೆಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾಖಲಾಯಿತು. ತೀರ್ಪು ಬಂದಿದ್ದು 2019ರ ಸೆಪ್ಟೆಂಬರ್ 26ರಂದು. ನ್ಯಾಯಮೂರ್ತಿಗಳಾದ ದೀಪಕ್ ಗುಪ್ತಾ ಮತ್ತು ಅನಿರುದ್ಧ ಬೋಸ್ ಅವರ ಪೀಠ. ತೀರ್ಪು ಬರೆದವರು ದೀಪಕ್ ಗುಪ್ತಾ.

ಅವರು ಶುರು ಮಾಡಿದ್ದೇ ಜಿಲ್ಲಾ ಕೋರ್ಟುಗಳ ಮಹತ್ವದಿಂದ. ಈ ದೇಶದ ಬಹುಪಾಲು ಜನ ನೋಡುವುದು ಕೆಳಗಿನ ಕೋರ್ಟುಗಳನ್ನೇ, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗುವ ಶಕ್ತಿ ಅವರಿಗಿಲ್ಲ, ಅವರ ಪಾಲಿಗೆ ಮ್ಯಾಜಿಸ್ಟ್ರೇಟರದ್ದೋ ಸೆಷನ್ಸ್ ನ್ಯಾಯಾಧೀಶರದ್ದೋ ಮಾತೇ ಕೊನೆಯ ಮಾತು ಎಂದರು. ಅದಕ್ಕೇ ನಿರ್ಭೀತಿ ಬರೀ ಮೇಲಿನ ಕೋರ್ಟುಗಳಿಗೆ ಸಾಲದು, ಕೆಳಗೂ ಬೇಕು. ತಪ್ಪು ಆದೇಶವನ್ನೇ ಕೊಟ್ಟಿಲ್ಲ ಎಂದು ಹೇಳಿಕೊಳ್ಳಬಲ್ಲ ನ್ಯಾಯಾಧೀಶರು ನಮ್ಮಲ್ಲಿ ಯಾರೂ ಇಲ್ಲ ಎಂಬ ಮಾತೂ ಅಲ್ಲಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ತಮ್ಮನ್ನೂ ಆ ಸಾಲಿಗೆ ಸೇರಿಸಿಕೊಂಡು ಬರೆದಿದ್ದು ನನಗೆ ಹಿಡಿಸಿತು.

ಭ್ರಷ್ಟಾಚಾರದ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ ಎಂದು ತೀರ್ಪು ಸ್ಪಷ್ಟವಾಗಿ ಹೇಳುತ್ತದೆ. ಆದರೆ ತಪ್ಪು ಆದೇಶವೊಂದೇ ಶಿಸ್ತುಕ್ರಮಕ್ಕೆ ಆಧಾರ ಆಗಬಾರದು. ಕಡತದ ಹೊರಗಿನ ಕಾರಣಕ್ಕೆ ಆ ಆದೇಶ ಬಂದಿದೆ ಎಂಬುದಕ್ಕೆ ಸಾಕ್ಷ್ಯ ಬೇಕು. ಎರಡೂ ಆರೋಪಗಳಲ್ಲಿ ಅಂಥ ಸಾಕ್ಷ್ಯ ಇರಲಿಲ್ಲ. ಹಾಗಾಗಿ ಶಿಸ್ತುಕ್ರಮದ ಆದೇಶಗಳೆಲ್ಲ ರದ್ದಾದವು.

ಇಲ್ಲಿಯವರೆಗೆ ನನಗೆ ತಕರಾರಿಲ್ಲ. ತಕರಾರು ಬರುವುದು ತೀರ್ಪಿನ ಕೊನೆಯ ಭಾಗದಲ್ಲಿ. ತಪ್ಪು ಆದೇಶಕ್ಕೆ ಏನೂ ಮಾಡಲೇಬಾರದು ಎಂದು ನಾವು ಹೇಳುತ್ತಿಲ್ಲ ಎನ್ನುತ್ತದೆ ಪೀಠ. ಒಪ್ಪಿತ ಕಾನೂನಿಗೆ ವಿರುದ್ಧವಾದ ಆದೇಶ ಬಂದರೆ ಹೈಕೋರ್ಟ್ ಅದನ್ನು ಆಡಳಿತ ವಿಭಾಗದಲ್ಲಿ ದಾಖಲಿಸಿ, ಆ ನ್ಯಾಯಾಧೀಶರ ಸೇವಾ ದಾಖಲೆಯಲ್ಲಿ ಇಡಬಹುದು. ಬಡ್ತಿ, ಸೆಲೆಕ್ಷನ್ ಗ್ರೇಡ್ (ಮೇಲಿನ ವೇತನ ಶ್ರೇಣಿ) ಕೊಡುವಾಗ ಅದನ್ನು ನೋಡಬಹುದು. ಇಂಥ ಆದೇಶಗಳು ಮೇಲಿಂದ ಮೇಲೆ ಬರುತ್ತಿದ್ದರೆ ನಿಯಮದ ಪ್ರಕಾರ ಕಡ್ಡಾಯ ನಿವೃತ್ತಿ ಕೊಡಬಹುದು.

ಕಾಗದದ ಮೇಲೆ ಇದು ಹದವಾದ ಮಾತು. ಕೆಲಸ ಬಾರದವರನ್ನು ಸಹಿಸಿಕೊಂಡೇ ಇರಿ ಎನ್ನಲಾಗದು, ಆ ಕೋರ್ಟಿಗೆ ಬರುವ ಜನರ ಗತಿ ಏನು? ಆದರೆ ಇಲಾಖಾ ವಿಚಾರಣೆಯಲ್ಲಿ ಕೊನೇ ಪಕ್ಷ ಆರೋಪ ಪಟ್ಟಿ ಕೈಗೆ ಸಿಗುತ್ತದೆ, ಉತ್ತರ ಕೊಡಬಹುದು, ಸಾಕ್ಷಿಯನ್ನು ಪ್ರಶ್ನಿಸಬಹುದು. ಸೇವಾ ದಾಖಲೆಗೆ ಸೇರುವ ಒಂದು ಟಿಪ್ಪಣಿಗೆ ಅಷ್ಟೆಲ್ಲ ವಿಧಿ ಇಲ್ಲ. ಗೋಪ್ಯ ವರದಿಯಲ್ಲಿನ ಒಂದು ಸಾಲು ವರ್ಷಗಳ ನಂತರ ಬಡ್ತಿಯ ಹೊತ್ತಿಗೆ ಎದ್ದು ಬರುತ್ತದೆ. ಸೇವಾ ದಾಖಲೆ ನೋಡಿ ಕೊಡುವ ಇಂಥ ಕಡ್ಡಾಯ ನಿವೃತ್ತಿಯನ್ನು ಕಾನೂನು ಶಿಕ್ಷೆ ಎಂದು ಕರೆಯುವುದಿಲ್ಲ, ಆದ್ದರಿಂದ ಅದಕ್ಕೆ ಪೂರ್ಣ ವಿಚಾರಣೆಯೂ ಬೇಕಿಲ್ಲ. ಮುಂಬಾಗಿಲು ಮುಚ್ಚಿದ ತೀರ್ಪು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲಿಲ್ಲ ಅನ್ನಿಸುತ್ತದೆ. ಆ ಟಿಪ್ಪಣಿ ಬರೆಯುವ ಮೊದಲು ಮೇಲ್ಮನವಿಯಲ್ಲಿ ಆ ಆದೇಶ ನಿಜವಾಗಿ ತಪ್ಪು ಎಂದು ತೀರ್ಮಾನ ಆಗಿರಬೇಕೇ? ನ್ಯಾಯಾಧೀಶರ ಉತ್ತರ ಪಡೆಯಬೇಕೇ? ಇದನ್ನು ತೀರ್ಪು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು.

ಧವನ್ ತೀರ್ಪಿನ ಅಜಾಗರೂಕತೆಯ ಗಂಟೂ ಪೂರ್ತಿ ಬಿಚ್ಚಿಕೊಂಡಿಲ್ಲ. ಛಪ್ರಾ ತೀರ್ಪು ಇಬ್ಬರು ನ್ಯಾಯಮೂರ್ತಿಗಳ ಪೀಠದ್ದು. ದೊಡ್ಡ ಪೀಠದ ಮಾತನ್ನು ಅದು ಬದಲಿಸಲಾರದು, ಈ ಪ್ರಕರಣದ ಅಜಾಗರೂಕತೆ ಆ ಮಟ್ಟದ್ದಲ್ಲ ಎಂದು ಹೇಳಬಲ್ಲದು ಅಷ್ಟೇ.

ಕರ್ನಾಟಕದ ಒಂದು ಪ್ರಕರಣ, ಗೆರೆಯ ಆಚೆ ಬದಿಯದು

ಈ ಗೆರೆಯ ಇನ್ನೊಂದು ಬದಿ ಹೇಗಿರುತ್ತದೆ ಎಂದು ತಿಳಿಯಲು ನಮ್ಮದೇ ರಾಜ್ಯದ ಪ್ರಕರಣ ಇದೆ. ಒಬ್ಬ ಸಿವಿಲ್ ನ್ಯಾಯಾಧೀಶರು ತೀರ್ಪು ಪೂರ್ತಿ ಸಿದ್ಧವಾಗುವ ಮೊದಲೇ, ಬರೀ ಕೊನೆಯ ಭಾಗವನ್ನು ತೆರೆದ ಕೋರ್ಟಿನಲ್ಲಿ ಓದಿ ಹೇಳುತ್ತಿದ್ದರು ಎಂಬ ಆರೋಪ. ಕೇಸು ಗೆದ್ದಿತು, ಸೋತಿತು ಎಂಬುದು ಇದೆ, ಯಾಕೆ ಎಂಬುದು ಇಲ್ಲ. ಅವರನ್ನು ಸೇವೆಯಿಂದ ವಜಾ ಮಾಡಿದರು. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಆ ವಜಾ ಆದೇಶವನ್ನು ರದ್ದು ಮಾಡಿತು. ಆಗ ಹೈಕೋರ್ಟಿನ ಆಡಳಿತ ವಿಭಾಗವೇ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲು ಹೇಳಿದ ಎರಡು ಕೈ ಇಲ್ಲಿ ಒಂದಕ್ಕೊಂದು ಎದುರು ನಿಂತವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಡಳಿತ ವಿಭಾಗದ ಪರ ನಿಂತಿತು. ಸ್ಟೆನೋಗೆ ಅನುಭವ ಇರಲಿಲ್ಲ ಎಂಬ ಸಮಜಾಯಿಷಿಯನ್ನು ಒಪ್ಪಲಿಲ್ಲ.

ಮೇಲ್ನೋಟಕ್ಕೆ ಎರಡು ತೀರ್ಪು ಬೇರೆ ದಿಕ್ಕಿಗೆ ಹೋದಂತೆ ಕಾಣುತ್ತವೆ. ಹಾಗಲ್ಲ. ಕರ್ನಾಟಕದ ಪ್ರಕರಣದಲ್ಲಿ ತೀರ್ಪಿನೊಳಗಿನ ತೀರ್ಮಾನ ಸರಿಯೇ ತಪ್ಪೇ ಎಂದು ಯಾರೂ ನೋಡಬೇಕಿರಲಿಲ್ಲ. ನೋಡಲು ತೀರ್ಪೇ ಇರಲಿಲ್ಲ. ಛಪ್ರಾದಲ್ಲಿ ಆದೇಶ ಇತ್ತು, ಅದರೊಳಗೆ ಕೈಹಾಕದೆ ಆರೋಪ ನಿಲ್ಲುತ್ತಲೇ ಇರಲಿಲ್ಲ. ಒಂದು ದೂರು ಕೆಲಸ ಮಾಡುವ ರೀತಿಯ ಬಗ್ಗೆ, ಇನ್ನೊಂದು ಮಾಡಿದ ತೀರ್ಮಾನದ ಬಗ್ಗೆ.

ಇದೇ ಗೆರೆ ಎಲ್ಲರಿಗೂ ಅನ್ವಯಿಸುತ್ತದೆ, ಸುಪ್ರೀಂ ಕೋರ್ಟಿಗೂ. 2025ರ ಆಗಸ್ಟ್ 4ರಂದು ಅಲಹಾಬಾದ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಕೊಟ್ಟ ಆದೇಶದಿಂದ ಬೇಸತ್ತ ಸುಪ್ರೀಂ ಕೋರ್ಟ್ ಪೀಠ, ಅವರಿಗೆ ಕ್ರಿಮಿನಲ್ ಕೇಸುಗಳನ್ನು ಕೊಡಬೇಡಿ, ಹಿರಿಯರೊಬ್ಬರ ಜೊತೆ ಕೂರಿಸಿ ಎಂದು ನಿರ್ದೇಶನ ಕೊಟ್ಟಿತು. ಅಲ್ಲಿನ ಹಲವು ನ್ಯಾಯ‌ಮೂರ್ತಿಗಳು ತಮ್ಮ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದು ಆಕ್ಷೇಪಿಸಿದರು. ಭಾರತದ ಮುಖ್ಯ ನ್ಯಾಯಮೂರ್ತಿಗಳ ಕೋರಿಕೆಯ ನಂತರ, ಆಗಸ್ಟ್ 8ರಂದು, ಅದೇ ಪೀಠ ಆ ಸಾಲುಗಳನ್ನು ಅಳಿಸಿತು. ಯಾರಿಗೆ ಯಾವ ಕೇಸು ಎಂದು ಹಂಚುವುದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಅಧಿಕಾರ ಎಂಬುದನ್ನು ಒಪ್ಪಿಕೊಂಡಿತು. ಆಯಿತು, ನಾಲ್ಕು ದಿನದಲ್ಲಿ ಸರಿಹೋಯಿತು. ಮೇಲಿನವರಿಗಾದರೆ ನಾಲ್ಕು ದಿನ.

ಜಾಮೀನು ಕೊಡುವ ಕೈ ನಡುಗಿದರೆ

ಇಷ್ಟೆಲ್ಲ ಆದರೂ ಓದುಗರಲ್ಲಿ ಒಂದು ಪ್ರಶ್ನೆ ಉಳಿಯಬಹುದು. ಒಬ್ಬ ನ್ಯಾಯಾಧೀಶರ ನೌಕರಿಯ ಕಥೆ ನಮಗೇಕೆ? ಉತ್ತರ ಜೈಲಿನಲ್ಲಿದೆ. ಜಾಮೀನು ನಿರಾಕರಿಸಿದ್ದಕ್ಕೆ ಇಲಾಖಾ ವಿಚಾರಣೆ ಎದುರಿಸಿದ ನ್ಯಾಯಾಧೀಶರ ಕಥೆ ನಾನು ಕೇಳಿಲ್ಲ. ಕೊಟ್ಟಿದ್ದಕ್ಕೆ ಎದುರಿಸಿದವರ ಪ್ರಕರಣಗಳು ಇಲ್ಲೇ ಎರಡು ಬಂದವು. ಮೂರನೆಯದು ರಾಜಸ್ಥಾನದ್ದು. ಪ್ರೊಬೇಷನ್‌ನಲ್ಲಿದ್ದ ಅಭಯ್ ಜೈನ್ ಎಂಬ ನ್ಯಾಯಾಧೀಶರು 2015ರಲ್ಲಿ ಭ್ರಷ್ಟಾಚಾರ ಕೇಸೊಂದರಲ್ಲಿ ಜಾಮೀನು ಕೊಟ್ಟು, ಆಮೇಲೆ ನೌಕರಿಯನ್ನೇ ಕಳೆದುಕೊಂಡರು. 2022ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ವಾಪಸ್ ಕಳಿಸಿತು.

ತಾಲ್ಲೂಕಿನಲ್ಲಿ ಕೂತ ನ್ಯಾಯಾಧೀಶರು ಈ ಲೆಕ್ಕವನ್ನು ಚೆನ್ನಾಗಿಯೇ ಹಾಕಬಲ್ಲರು. ತಳ್ಳಿಹಾಕಿದರೆ ಯಾರೂ ಕೇಳುವುದಿಲ್ಲ, ಹೈಕೋರ್ಟ್ ಬೇಕಾದರೆ ಕೊಡಲಿ ಬಿಡಿ ಎಂದಾಗುತ್ತದೆ. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಇದನ್ನೇ ಬಹಿರಂಗವಾಗಿ ಹೇಳಿದರು. ಕೆಳಗಿನ ನ್ಯಾಯಾಧೀಶರು ಜಾಮೀನು ಕೊಡಲು ಹಿಂಜರಿಯುವುದು ಅಪರಾಧ ಅರ್ಥವಾಗದೆ ಅಲ್ಲ, ಘೋರ ಪ್ರಕರಣದಲ್ಲಿ ಕೊಟ್ಟರೆ ತಮ್ಮನ್ನು ಗುರಿ ಮಾಡುತ್ತಾರೆ ಎಂಬ ಭಯದಿಂದ ಎಂದರು.

ಈ ಭಯದ ಬೆಲೆ ತೆರುವವನು ನ್ಯಾಯಾಧೀಶನಲ್ಲ. ಹೈಕೋರ್ಟಿಗೆ ಹೋಗಲು ದುಡ್ಡಿಲ್ಲದ ವಿಚಾರಣಾಧೀನ ಕೈದಿ.

ಛಪ್ರಾ ಪ್ರಕರಣದಲ್ಲಿ ಇನ್ನೊಂದು ವಿವರ ಬಾಕಿ ಇದೆ. ತೀರ್ಪಿನ ತಲೆಬರಹದಲ್ಲಿ ಕೃಷ್ಣ ಪ್ರಸಾದ್ ವರ್ಮಾ ಎಂಬ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ ಡಿ ಎಂಬ ಅಕ್ಷರ ಇದೆ, ಅದರ ಪಕ್ಕ ‘ವಾರಸುದಾರರ ಮೂಲಕ’ ಎಂಬ ಅರ್ಥದ ಮಾತು. ಡಿ ಅಂದರೆ ಡೆಡ್, ತೀರಿಕೊಂಡವರು. ಅವರಿಗೆ ಬರಬೇಕಾದ ಸೇವಾ ಸೌಲಭ್ಯಗಳನ್ನು ಮೂರು ತಿಂಗಳೊಳಗೆ ವಾರಸುದಾರರಿಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಆ ಜಾಮೀನು ಆದೇಶಕ್ಕೆ ಆಗ 17 ವರ್ಷ ತುಂಬಿತ್ತು.